ಅಕ್ಕನ ಲ್ಯಾಪ್‌ಟಾಪಿನ ವೈಫೈ

ಮಂಗಳವಾರ, ಆಗಸ್ಟ್ 12. ನೆಯಾಫು.

ಅಕ್ಕನ ಲ್ಯಾಪ್‌ಟಾಪಿನ ವೈಫೈ ಯಾಕೆ ಕಡಿಯುತ್ತಿತ್ತೆಂದು ಇವತ್ತು ಗೊತ್ತಾಯಿತು. ನಂಬಲು ಇನ್ನೂ ಆಗುತ್ತಿಲ್ಲ.

ಎರಡು ವಾರದಿಂದ ಅದರ ಹಿಂದೆ ಬಿದ್ದಿದ್ದೆ. ರೂಟರಿನ ಜಾಗ ಬದಲಿಸಿದೆ, ಡ್ರೈವರ್ ಹೊಸದು ಹಾಕಿದೆ. ಸೆಯಿನಿ ಅಕ್ಕ ಸೂಲಗಿತ್ತಿ ಕೋರ್ಸಿನ ಪಾಠ ಕೇಳುವುದು ಅದರಲ್ಲೇ. ಇನ್ನೊಂದು ಪಾಠ ಅರ್ಧಕ್ಕೆ ನಿಂತರೆ ಹೆಸರು ತೆಗೆಯುತ್ತಾರಂತೆ. ನಾನು ಶಾಲೆ ಬಿಟ್ಟವನು. ಅವಳಾದರೂ ಮುಗಿಸಲಿ ಎಂದು ಪಾಠದ ಹೊತ್ತಿಗೆ ಸರಿಯಾಗಿ ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಯಿಂದ ವೈಫೈ ನೋಡಲು ಓಡಿ ಬರುತ್ತಿದ್ದೆ.

ಇವತ್ತು ಅವಳು ಚರ್ಚಿಗೆ ಹೋದಾಗ ಲ್ಯಾಪ್‌ಟಾಪಿನೊಳಗಿನ ದಾಖಲೆ ನೋಡಿದೆ. ಆರು ಸಲ ಕಡಿದಿತ್ತು. ಆರು ಸಲವೂ ಯಾರೋ ಮುಚ್ಚಳ ಮುಚ್ಚಿದ್ದರು. ಅಮ್ಮನನ್ನು ಕೇಳಿದೆ. ಚಾಪೆ ಹೆಣೆಯುತ್ತಲೇ ಅಂದಳು:

"ನೀನು ಮೆಟ್ಲು ಹತ್ತಿದ ಸದ್ದಾದ್ರೆ ಮುಚ್ಚಿಬಿಡ್ತಾಳೆ ಕಣೋ ಫಿನೌ. ಹೆರಿಗೆ ಪಾಠನ ತಮ್ಮನ ಎದುರಿಗೆ ಕೇಳ್ತಾರಾ?"

"ಮತ್ತೆ ನೆಟ್ ಹೋಯ್ತು ಅಂತ ಯಾಕಂದ್ಲು?"

"ಇನ್ನೇನಂತಾಳೆ ನಿನ್ ಹತ್ರ, ದಡ್ಡ."

ಅಕ್ಕನ ಜೊತೆ ಕೂತು ಒಂದು ಸಿನಿಮಾ ಕೂಡ ನೋಡದವನು ನಾನು. ನಮ್ಮ ದ್ವೀಪದಲ್ಲಿ ದೊಡ್ಡವರಾದ ಅಕ್ಕ-ತಮ್ಮ ಯಾರೂ ಹಾಗೆ ಜೊತೆಗೆ ಕೂತು ನೋಡುವುದಿಲ್ಲ, ಅದು ಮರ್ಯಾದೆಯಲ್ಲ. ಆದರೂ ಹೊಳೆಯಲಿಲ್ಲ. ಆರು ಪಾಠಗಳನ್ನು ಕೆಡಿಸಿದ್ದು ನಾನೇ. ಕ್ಷಮೆ ಕೇಳೋಣವೆಂದರೆ ಹೆರಿಗೆಯ ಮಾತೆತ್ತಬೇಕು, ಅದು ಅವಳೆದುರು ಆಗದು.

"ವೈಫೈ ಸರಿಯಾಯ್ತು ಅಂತೀನಿ ಬಿಡು," ಎಂದಳು ಅಮ್ಮ.

"ಸುಳ್ಳು ಬೇಡ. ನಾಳೆ ಪಾಠದ ಹೊತ್ತಿಗೆ ನಾನು ಮನೇಲಿರಲ್ಲ ಅಂತಷ್ಟೇ ಹೇಳು."

ಅಕ್ಕ ಚರ್ಚಿನಿಂದ ಬಂದ ಮೇಲೆ ಅಮ್ಮ ಹೇಳಿದಳು. ಅಕ್ಕ, "ಎಷ್ಟು ಗಂಟೆವರೆಗೆ?" ಎಂದಳಂತೆ.