ಆಯ್ತು ಬುಡು ಅಂದರೆ

ಸಣ್ಣಕ್ಕಾ,

ಫೋನ್ ಮಾಡಿದರೆ ಮತ್ತೆ ಅದೇ ಮಾತು ಅನ್ನುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿದ್ದೇನೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಲಿ? ತಗೊಂಡ ಕಾಫಿ ಹಾಗೇ ಆರಿಹೋಯಿತು.

"ಅಲ್ಲಿ ಅದೇನ್ ಕೆಲ್ಸ ಕಣೇ ನಿಂದು?" ಎಂದು ಬಡವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೆಯಲ್ಲ. ಕಂಪ್ಯೂಟರ್ ಚಿಪ್ಪುಗಳನ್ನು ಯಾವ ದೇಶಕ್ಕೆ ಮಾರಬೇಕು, ಯಾರಿಗೆ ಮಾರಬಾರದು ಎಂದು ಅಮೆರಿಕದವರೂ ಯುರೋಪಿನವರೂ ಜಗ್ಗಾಡುತ್ತಾರೆ. ಅವರನ್ನು ಒಂದು ಮಾತಿಗೆ ತರುವ ಸಂಸ್ಥೆ ನಮ್ಮದು. ಯಾರ ಮನಸ್ಸಿನಲ್ಲಿ ಏನಿದೆ ಎಂದು ನಮ್ಮ ಮುಖ್ಯಸ್ಥರಿಗೆ ಹೇಳುವ ಸಲಹೆಗಾರ್ತಿ ನಾನು.

ನಿನ್ನೆ ಸಭೆಯಲ್ಲಿ ಅಮೆರಿಕದವರ ಷರತ್ತಿಗೆ ಯುರೋಪಿನ ಹಿರಿಯ ಅಧಿಕಾರಿಣಿಯೊಬ್ಬರು "ಸರಿ, ಹಾಗೇ ಆಗಲಿ" ಎಂದು ಕನ್ನಡಕ ಒರೆಸತೊಡಗಿದರು. ಅಮೆರಿಕದವರು ಖುಷಿಯಿಂದ ಕೈ ಕುಲುಕಿದರು. "ಒಪ್ಪಿದರು ಅಂತ ಬರಿ" ಎಂದರು ನಮ್ಮ ಮುಖ್ಯಸ್ಥರು. ಬರೆಯಲು ನನ್ನ ಕೈಯೇ ಬರಲಿಲ್ಲ. ಆ ಮುಖ ನಿನ್ನದು ಕಣಕ್ಕ! ಅವ್ವ ತನ್ನ ಜುಮುಕಿ ನನಗೆ ಕೊಟ್ಟ ದಿನ ನೀನು "ಆಯ್ತು ಬುಡು" ಅಂದು, ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತಾ ನಿಂತಿದ್ದೆ. ನಮ್ಮ ಮನೆಯಲ್ಲಿ ಆ ಮಾತಿಗೆ ಒಪ್ಪಿಗೆ ಎಂಬ ಅರ್ಥ ಯಾವತ್ತು ಇತ್ತು ಹೇಳು?

"ಸರ್, ಅವರು ಒಪ್ಪಿಲ್ಲ, ನೊಂದುಕೊಂಡಿದ್ದಾರೆ" ಅಂದೆ. ನಕ್ಕರು. ಸಂಜೆಗೆ ಯುರೋಪಿನವರು ಮಾತುಕತೆ ಬಿಟ್ಟು ಎದ್ದೇ ಹೋದರು. ಆಮೇಲೆ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಆ ಹೊಗಳಿಕೆ ಕೇಳುತ್ತಿರುವಾಗಲೇ ನಿನ್ನ ಫೋನ್ ನೆನಪಾಯಿತು. ಭಾನುವಾರ ನಾನೇನು ಮಾಡಿದೆ? ಶುಕ್ರವಾರ ತುಮಕೂರಿನಲ್ಲಿ ನಿನಗೆ ಗರ್ಭಕೋಶದ ಆಪರೇಷನ್. ಸಭೆಯಿದೆ, ಬರಲಾಗುವುದಿಲ್ಲ ಅಂದೆ. "ಆಯ್ತು ಬುಡಮ್ಮ, ನಿನ್ ಕೆಲ್ಸ ನೋಡ್ಕೊ" ಅಂದೆ ನೀನು. ಸದ್ಯ, ಅಕ್ಕ ಒಪ್ಪಿದಳು ಎಂದು ಫೋನ್ ಇಟ್ಟು ಹಾಯಾಗಿ ಊಟ ಮಾಡಿದೆನಲ್ಲ, ಥೂ ನನ್ನ! ಪಕ್ಕದಲ್ಲಿ ಯಾರಿರುತ್ತಾರೆ ಎಂದೂ ಕೇಳಲಿಲ್ಲ. ನಿನಗೆ ಭಯವಾಗಿತ್ತು, ಅಲ್ಲವೇ? ನನಗೂ ಈಗ ಭಯವಾಗುತ್ತಿದೆ ಅಕ್ಕ.

ಮುರಿದ ಮಾತುಕತೆ ಕೂಡಿಸಲು ಈ ವಾರವೆಲ್ಲ ಇಲ್ಲೇ ಇರಬೇಕು ಎಂದರು ಮುಖ್ಯಸ್ಥರು. ನಾನೂ ಮೇಜಿನ ಮೇಲಿನ ಕಾಗದ ಜೋಡಿಸುತ್ತಾ, "ಸರಿ, ಹಾಗೇ ಆಗಲಿ" ಅಂದೆ. ಪಾಪ, ಒಪ್ಪಿದೆ ಅಂದುಕೊಂಡು ಹೋದರು.

ಸಿದ್ದರಬೆಟ್ಟದ ಸ್ವಾಮಿ ನಿನ್ನನ್ನು ಕಾಯಲಿ. ಗುರುವಾರ ಬಾಗಿಲು ತೆಗೆದಾಗ ಎಷ್ಟು ಬೇಕಾದರೂ ಬೈಯಿ. ಅದೊಂದು ಮಾತು ಮಾತ್ರ ಅನ್ನಬೇಡ.

ಬರುತ್ತಿರುವ ನಿನ್ನ ತಂಗಿ,
ಗಂಗಾಂಬಿಕಾ