ಕಾಲೇಜಿಗೆ ಸಿದ್ಧವಾದ ಅಸ್ಥಿಪಂಜರ ಮತ್ತು ಸಿದ್ಧಳಾಗದ ನನ್ನ ಅಕ್ಕ

ಪ್ರೌಢಶಾಲಾ ವಿದ್ಯಾರ್ಥಿಗಳ ಕಾಲೇಜು ಸಿದ್ಧತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಾಲೇಜಿಗೆ ಸಂಪೂರ್ಣ ಸಿದ್ಧರೆಂದು ತಾವು ಕಳೆದ ತಿಂಗಳು ಪ್ರಮಾಣಪತ್ರ ದಯಪಾಲಿಸಿದ ನಮ್ಮ ಶಾಲೆಯ ನಲವತ್ತೆರಡು ವಿದ್ಯಾರ್ಥಿಗಳಲ್ಲಿ ಒಬ್ಬರು ಜೀವಶಾಸ್ತ್ರ ಪ್ರಯೋಗಾಲಯದ ಅಸ್ಥಿಪಂಜರ. ಉಳಿದ ನಲವತ್ತೊಂದು ಮಂದಿ ಜೀವಂತ ಇದ್ದೇವೆ, ಆದರೆ ಸಿದ್ಧರಿಲ್ಲ. ಈ ಪ್ರಮಾಣಪತ್ರಗಳನ್ನೇ ಆಧಾರವಾಗಿಟ್ಟುಕೊಂಡು ತಾವು ನಮ್ಮ ಮಾರ್ಗದರ್ಶಕಿಯನ್ನು ಬೇರೆ ಶಾಲೆಗೆ ಕಳುಹಿಸಿದ್ದೀರಿ. ಅವರಿಲ್ಲದೆ ನನ್ನ ಅಕ್ಕನ ಕಾಲೇಜು ಅರ್ಜಿ ಅರ್ಧಕ್ಕೆ ನಿಂತಿದೆ. ಕೊನೆಯ ದಿನಾಂಕ ಇದೇ ತಿಂಗಳ ಇಪ್ಪತ್ತೈದು. ದೂರು ಇಷ್ಟೇ. ಮುಂದಿನದೆಲ್ಲ ವಿವರ. ತಮ್ಮ ಕಚೇರಿಯಲ್ಲಿ ಓದುವ ಪದ್ಧತಿ ಇದ್ದರೆ ಓದಬಹುದು.

ಮೊದಲು ಅಸ್ಥಿಪಂಜರದ ಪರಿಚಯ. ನಾವು ಅವರನ್ನು ಲ್ಯಾಬ್ ಮಾಮ ಎನ್ನುತ್ತೇವೆ. ಎಡಗಾಲಿನ ಎರಡು ಬೆರಳಿಲ್ಲ, ದವಡೆಯನ್ನು ತಂತಿಯಿಂದ ಕಟ್ಟಿದೆ. ಉಳಿದಂತೆ ಶಿಸ್ತಿನ ವ್ಯಕ್ತಿ, ಒಂದು ದಿನವೂ ಗೈರುಹಾಜರಾದವರಲ್ಲ. ತಮ್ಮ ವಿಭಾಗದ ‘ಸಿದ್ಧತಾ ಸ್ವಮೌಲ್ಯಮಾಪನ ನಮೂನೆ’ಯಲ್ಲಿ ಹನ್ನೆರಡು ಪ್ರಶ್ನೆಗಳಿವೆ, ಪ್ರತಿಯೊಂದಕ್ಕೂ ವಿದ್ಯಾರ್ಥಿ ತನಗೆ ತಾನೇ ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಮಾಮನವರು ಹನ್ನೆರಡಕ್ಕೂ ಐದು ಪಡೆದಿದ್ದಾರೆ. ಅವರ ನಮೂನೆಯಲ್ಲಿ ವಿಳಾಸದ ಜಾಗದಲ್ಲಿ ‘ಪ್ರಯೋಗಾಲಯ, ಗಾಜಿನ ಕಪಾಟು’ ಎಂದಿದೆ. ಮನೆಯಲ್ಲಿ ಆಸರೆ ಇದೆಯೇ ಎಂಬಲ್ಲಿ ‘ಕಬ್ಬಿಣದ ಸ್ಟ್ಯಾಂಡ್ ಇದೆ’ ಎಂದಿದೆ. ಮುಂದಿನ ಗುರಿ ಎಂಬಲ್ಲಿ ‘ವೈದ್ಯಕೀಯ ಕಾಲೇಜು, ಅಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ’ ಎಂದಿದೆ. ತಮ್ಮ ಕಚೇರಿ ಇದಕ್ಕೆ ಮೂರು ಸಹಿ ಹಾಕಿ, ಒಂದು ದುಂಡು ಮೊಹರು ಒತ್ತಿ, ‘ಪ್ರಿಯ ವಿದ್ಯಾರ್ಥಿ ಲ್ಯಾಬ್ ಮಾಮ ಅವರಿಗೆ ಉಜ್ವಲ ಭವಿಷ್ಯ ಹಾರೈಸುತ್ತೇವೆ’ ಎಂದು ಬರೆದು ಕಳಿಸಿದೆ. ಹಾರೈಕೆ ಬಂದ ದಿನದಿಂದ ಅವರು ಹಲ್ಲು ಬಿಟ್ಟುಕೊಂಡೇ ನಿಂತಿದ್ದಾರೆ. ಅದಕ್ಕೆ ಮೊದಲೂ ಹಾಗೇ ನಿಂತಿದ್ದರು.

ಆ ನಮೂನೆ ತುಂಬಿದವನು ನಾನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪತ್ರದಲ್ಲಿ ತಪ್ಪಿತಸ್ಥರು ಇಬ್ಬರು, ಮತ್ತು ಅವರಲ್ಲಿ ತಾವು ಎರಡನೆಯವರು.

ನಮ್ಮ ಮಾರ್ಗದರ್ಶಕಿಯನ್ನು ನಾವು ಪೆನ್ಸಿಲ್ ಮೇಡಂ ಎಂದು ಕರೆಯುತ್ತಿದ್ದೆವು. ವಾರಕ್ಕೆ ಮೂರು ದಿನ, ಕೊನೆಯ ಗಂಟೆ ಹೊಡೆದ ಮೇಲೆ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರುತ್ತಿದ್ದರು. ಮೊದಲು ಅಲ್ಲಿ ಆಟದ ಸಾಮಾನು ಇಡುತ್ತಿದ್ದರು, ಗಾಳಿ ಹೋದ ಚೆಂಡುಗಳ ವಾಸನೆ ಇನ್ನೂ ಹೋಗಿರಲಿಲ್ಲ. ಎರಡು ಬೆಂಚು, ಕಾಲು ಕುಂಟುವ ಒಂದು ಮೇಜು, ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆಯುವ ಒಂದು ಕಿಟಕಿ. ಅವರು ಸರಿ ಉತ್ತರ ಹೇಳಿಕೊಡುತ್ತಿರಲಿಲ್ಲ. ಪ್ರತಿಯೊಬ್ಬರೂ ಒಂದು ತಪ್ಪಿನ ಪುಸ್ತಕ ಇಡಬೇಕಿತ್ತು. ಎಡಪುಟದಲ್ಲಿ ಮಾಡಿದ ತಪ್ಪು, ಬಲಪುಟದಲ್ಲಿ ಅದು ಹೇಗಾಯಿತು ಎಂಬ ವಿವರ, ಎಲ್ಲವೂ ಪೆನ್ಸಿಲಿನಲ್ಲಿ. ನಿಜವಾಗಿ ತಿಳಿದ ದಿನ ಅಳಿಸಿ ಹಾಕಬಹುದು. ನನ್ನ ಪುಸ್ತಕ ತಿರುವಿ ನೋಡಿ, "ಇದು ಪುಸ್ತಕ ಅಲ್ಲಪ್ಪ, ಗ್ರಂಥಾಲಯ" ಎಂದಿದ್ದರು.

ಹೀಗೆ ಒಂದು ವರ್ಷ ತನ್ನ ತಪ್ಪನ್ನು ತಾನೇ ಬರೆದವರ ಕೈಗೆ ತಮ್ಮ ನಮೂನೆ ಬಂದರೆ ಏನಾಗುತ್ತದೆ? ಎಲ್ಲರೂ ಒಂದು, ಎರಡು ಹಾಕಿಕೊಂಡರು. ತಂತಮಗೆ ಏನು ಗೊತ್ತಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮೂನೆಗಳನ್ನು ಲಕೋಟೆಗೆ ಹಾಕಿ ತಮ್ಮ ಕಚೇರಿಗೆ ಮುಟ್ಟಿಸುವ ಕೆಲಸವನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದರು. ಆ ಕಚೇರಿಯಲ್ಲಿ ಯಾರೂ ಏನನ್ನೂ ಓದುವುದಿಲ್ಲ ಎಂದು ನಾನು ಹಿಂದಿನ ಬೆಂಚಿನವರ ಜೊತೆ ಪಂದ್ಯ ಕಟ್ಟಿದೆ. ಎರಡು ದಿನದ ಊಟದ ಬಿಡುವಿನಲ್ಲಿ, ಉಳಿದಿದ್ದ ಖಾಲಿ ನಮೂನೆ ತೆಗೆದುಕೊಂಡು, ಎಡಗೈಯಲ್ಲಿ ಕೆಲವು, ಬಲಗೈಯಲ್ಲಿ ಕೆಲವು, ಮಾಮನವರದೂ ಸೇರಿ ನಲವತ್ತೆರಡನ್ನೂ ಹೊಸದಾಗಿ ತುಂಬಿದೆ. ಎಲ್ಲರಿಗೂ ಎಲ್ಲದಕ್ಕೂ ಐದು. ನಾನು ಗೆದ್ದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗಬೇಕು ಎಂಬುದೇ ಪಂದ್ಯ. ಗೆದ್ದೆ. ಯಾರೂ ನಗಲಿಲ್ಲ, ಯಾಕೆಂದರೆ ಪ್ರಮಾಣಪತ್ರಗಳ ಜೊತೆಗೇ ತಮ್ಮ ಆದೇಶವೂ ಬಂದಿತ್ತು: ಸರಾಸರಿ ನಾಲ್ಕನ್ನು ಮೀರಿದ ಶಾಲೆಗೆ ಮಾರ್ಗದರ್ಶನದ ಅಗತ್ಯವಿರುವುದಿಲ್ಲ. ಮೂರನೆಯ ದಿನ ಮೇಡಂ ಹೋದರು. ಕೋಣೆಗೆ ಚೆಂಡುಗಳು ವಾಪಸು ಬಂದವು.

ಈಗ ಅಕ್ಕನ ವಿಷಯ. ಅವಳು ನನಗಿಂತ ಎರಡು ವರ್ಷ ದೊಡ್ಡವಳು, ಆದರೆ ನನ್ನ ತರಗತಿಯಲ್ಲೇ ಓದುತ್ತಾಳೆ. ಅಮ್ಮ ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಾಳೆ. ಅಮ್ಮನ ಕೈ ಮುರಿದಾಗ ಅಲ್ಲಿನ ಇಸ್ತ್ರಿ ಮೇಜಿನ ಮುಂದೆ ಅಕ್ಕ ಎರಡು ವರ್ಷ ನಿಂತಳು, ಆಮೇಲೆ ಶಾಲೆಗೆ ವಾಪಸು ಬಂದಳು. ಈಗಲೂ ಬೆಳಿಗ್ಗೆ ಎರಡು ತಾಸು ಅಲ್ಲೇ ಕೆಲಸ. ಯಾವ ಕಲೆ ಯಾವ ದ್ರಾವಣಕ್ಕೆ ಬಿಡುತ್ತದೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಯಾಕೆ ಬಿಡುತ್ತದೆ ಎಂಬುದು ಗೊತ್ತಿರಲಿಲ್ಲ. ಅದಕ್ಕೆ ರಸಾಯನಶಾಸ್ತ್ರ ಎನ್ನುತ್ತಾರೆ, ಅದನ್ನೇ ಕಾಲೇಜಿನಲ್ಲಿ ಓದಬಹುದು ಎಂದು ಹೇಳಿದವರು ಪೆನ್ಸಿಲ್ ಮೇಡಂ. ಅರ್ಜಿ ತರಿಸಿದರು, ಪ್ರವೇಶ ಪರೀಕ್ಷೆಗೆ ಗಣಿತ ಅಭ್ಯಾಸ ಮಾಡಿಸಿದರು. ಅವಳ ತಪ್ಪಿನ ಪುಸ್ತಕದಲ್ಲಿ ಅಳಿಸಿದ ಪುಟಗಳೇ ಹೆಚ್ಚಾಗುತ್ತಿದ್ದವು. ಆ ಕಾಲೇಜು ಒಂದೇ ಒಂದು ಪತ್ರ ಕೇಳುತ್ತದೆ: ಒಂದು ವರ್ಷ ಕಲಿಸಿದ ಮಾರ್ಗದರ್ಶಕರು, ಕಲಿಸಿದ ಶಾಲೆಯ ಮೊಹರಿನೊಂದಿಗೆ, ಈ ವಿದ್ಯಾರ್ಥಿಯ ಕೆಲಸ ನಾನು ನೋಡಿದ್ದೇನೆ ಎಂದು ಬರೆಯಬೇಕು. ಮೇಡಂ ಹತ್ತಿರ ಈಗಿರುವುದು ಬೇರೆ ಶಾಲೆಯ ಮೊಹರು. ನಮ್ಮ ಮುಖ್ಯೋಪಾಧ್ಯಾಯರ ಹತ್ತಿರ ಮೊಹರಿದೆ, ಆದರೆ ಅಕ್ಕನ ಕೆಲಸ ಅವರು ನೋಡಿಲ್ಲ. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅವಳು.

ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ಅವಳಿಗೆ ಹೇಳಿದೆ.

"ಅಕ್ಕಾ, ಆ ಫಾರ್ಮ್ ಎಲ್ಲಾ ನಾನೇ ಬರ್ದಿದ್ದು."

ಅವಳು ಕೈಯಲ್ಲಿದ್ದ ಕಾಲರ್ ಮುಗಿಸಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು.

"ನಂದೂನಾ?"

"ನಿಂದೂ."

"ಎಷ್ಟು ಹಾಕ್ದೆ?"

"ಐದು. ಎಲ್ಲದಕ್ಕೂ."

"ಗಣಿತಕ್ಕೂ ಐದಾ," ಎಂದಳು. ಅಷ್ಟೇ. ಮುಂದಿನ ಅಂಗಿ ಎತ್ತಿಕೊಂಡಳು. ಅದು ನನ್ನ ಶಾಲೆಯ ಅಂಗಿ. ಅದಕ್ಕೂ ಇಸ್ತ್ರಿ ಹಾಕಿ, ಮಡಿಸಿ, ನನ್ನ ಕೈಗೆ ಕೊಟ್ಟಳು. ಬೈಯುತ್ತಾಳೆ ಎಂದು ಹತ್ತು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ, ಒಂದೂ ಖರ್ಚಾಗಲಿಲ್ಲ. ಅಂದಿನಿಂದ ಯಾರಾದರೂ ತಮಾಷೆ ಹೇಳಿದರೆ, ಇದು ನಗಬೇಕಾದ ಜಾಗ ಎಂದು ನನಗೆ ಗೊತ್ತಾಗುತ್ತದೆ. ಗೊತ್ತಾಗುತ್ತದೆ, ಮುಗಿಯಿತು. ಅಳುವೂ ಬರುವುದಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಡೆದಂತೆ ಶಾಲೆಗೆ ಹೋಗುತ್ತೇನೆ, ಬರುತ್ತೇನೆ.

ತಪ್ಪೊಪ್ಪಿಕೊಳ್ಳಲು ತಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಹಿಂದಿದ್ದ ಗುಮಾಸ್ತರು ಒಳ್ಳೆಯವರು. ಅಸ್ಥಿಪಂಜರದ ಪ್ರಮಾಣಪತ್ರವನ್ನು ಎರಡೂ ಕಡೆ ತಿರುಗಿಸಿ ನೋಡಿ, ಮೊಹರು ಸರಿಯಾಗಿಯೇ ಬಿದ್ದಿದೆ ಎಂದರು. ಅಂಕ ಕಡಿಮೆ ಮಾಡಿ, ಎಲ್ಲವೂ ಸುಳ್ಳು ಎಂದೆ. ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

"ನೋಡು ತಮ್ಮಾ, ಏರಿಸೋಕೆ ಜಾಗ ಇದೆ. ಇಳಿಸೋಕೆ ಜಾಗನೇ ಇಲ್ಲ. ಒಂದ್ಸಲ ಸಿದ್ಧ ಆದ್ಮೇಲೆ ಮುಗೀತು, ಯಾರೂ ವಾಪಸ್ ಬರೋ ಹಾಗಿಲ್ಲ."

ಮಾಮನವರಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ ಎಂದು ಆಗ ಹೊಳೆಯಿತು.

ಮಾನ್ಯರೇ, ಜ್ವರ ಇದೆಯೇ ಎಂದು ರೋಗಿಯನ್ನೇ ಕೇಳಿ, ಇಲ್ಲ ಎಂದವನ ಊರಿನ ವೈದ್ಯರನ್ನು ಎತ್ತಂಗಡಿ ಮಾಡುವ ಆಸ್ಪತ್ರೆಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ತನಗೆ ತಿಳಿಯದು ಎಂದು ಬರೆದವನು ಕಲಿಯುತ್ತಿದ್ದಾನೆ, ಎಲ್ಲ ತಿಳಿದಿದೆ ಎಂದವನ ಕಡೆ ಒಮ್ಮೆ ತಿರುಗಿ ನೋಡಬೇಕು ಎಂಬಷ್ಟು ತಮ್ಮ ವಿಭಾಗಕ್ಕೆ ಗೊತ್ತಿರಬೇಡವೇ? ಸುಳ್ಳು ಬರೆದ ಕೈ ಒಂದು, ಅದು ನನ್ನದು. ಓದದೆ ಸಹಿ ಹಾಕಿದ ಕೈ ಮೂರು. ನನಗೆ ಶಿಕ್ಷೆ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಮೂರು ಮಂದಿಯಲ್ಲಿ ಒಬ್ಬರಾದರೂ ವಿಳಾಸದ ಸಾಲಿನ ಮೇಲೆ ಕಣ್ಣಾಡಿಸಿದ್ದರೆ, ನನಗೆ ಆ ವಾರವೇ ಎರಡು ಏಟು ಬಿದ್ದು, ನಾನು ಪಂದ್ಯ ಸೋಲುತ್ತಿದ್ದೆ, ಮೇಡಂ ಕೋಣೆಯಲ್ಲೇ ಇರುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ಒಂದೇ. ಇಲ್ಲಿ ನಾವು ನಾಲ್ವರು.

ಬೇಡಿಕೆ ಚಿಕ್ಕದು. ಮೇಡಂ ಅವರನ್ನು ಪೂರ್ತಿ ವಾಪಸು ಕಳಿಸಲು ತಮಗೆ ವರ್ಷ ಬೇಕಾಗಬಹುದು, ಅದು ಆಮೇಲಾಗಲಿ. ಇಪ್ಪತ್ತೈದರ ಒಳಗೆ ಒಂದು ಸಾಲು ಬರೆದುಕೊಡಿ: ಈ ಮಾರ್ಗದರ್ಶಕಿ ಈ ವಿದ್ಯಾರ್ಥಿನಿಗೆ ಈ ಶಾಲೆಯಲ್ಲಿ ಒಂದು ವರ್ಷ ಕಲಿಸಿದ್ದಾರೆ, ಪತ್ರಕ್ಕೆ ಸಹಿ ಹಾಕಬಹುದು. ಆ ದುಂಡು ಮೊಹರು ಒತ್ತಿ. ಅಸ್ಥಿಪಂಜರಕ್ಕೆ ಒತ್ತಿದಷ್ಟೇ ಸಲೀಸಾಗಿ ಒತ್ತಿದರೆ ಸಾಕು.

ನಲವತ್ತೊಂದು ಅಸಲಿ ನಮೂನೆಗಳನ್ನು ನಾನು ಹರಿದು ಹಾಕಿರಲಿಲ್ಲ, ಈ ಪತ್ರದ ಜೊತೆ ಇಟ್ಟಿದ್ದೇನೆ. ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಮೇಲಿನದೊಂದನ್ನು ಓದಿ, ಅದು ಅಕ್ಕನದು. ಗಣಿತಕ್ಕೆ ಎರಡು. ಓದುವ ವೇಗಕ್ಕೆ ಎರಡು. ಮನೆಯಲ್ಲಿ ಓದಲು ಜಾಗ ಇದೆಯೇ ಎಂಬುದಕ್ಕೆ ಒಂದು. ಹನ್ನೊಂದು ಪ್ರಶ್ನೆಗಳಲ್ಲಿ ಎಲ್ಲೂ ಎರಡು ದಾಟಿಲ್ಲ. ಒಂಬತ್ತನೆಯ ಪ್ರಶ್ನೆಗೆ ಮಾತ್ರ, ಸಹಾಯ ಬೇಕಾದಾಗ ಯಾರ ಹತ್ತಿರ ಹೋಗಬೇಕು ಎಂದು ನಿಮಗೆ ಗೊತ್ತಿದೆಯೇ ಎಂಬುದಕ್ಕೆ, ಐದು ಹಾಕಿದ್ದಾಳೆ. ಪೆನ್ಸಿಲಿನಲ್ಲಿ.

ಅದನ್ನು ಇನ್ನೂ ಅಳಿಸಿಲ್ಲ.

ಇಂತಿ,
ಹನ್ನೆರಡಕ್ಕೆ ಹನ್ನೆರಡೂ ಪ್ರಶ್ನೆಯಲ್ಲಿ ಐದು ಪಡೆದು, ಅಧಿಕೃತವಾಗಿ ಇನ್ನು ಯಾರ ಸಹಾಯವೂ ಬೇಡದವನಾದ,
ಅವಳ ತಮ್ಮ