ಅತ್ತೆ ಎರೆದ ಮಕ್ಕಳು

3 ನವೆಂಬರ್, ಸೋಮವಾರ. ಬೆಳಿಗ್ಗೆ 6.10

ಅರ್ಧ ಮಾತ್ರೆ, ಒಂದು ಚಮಚ ನೀರು. ಕರಗಿತು. ಪಾಪು ಮುಖ ಕಿವುಚಿದಳು, ಆದರೂ ನುಂಗಿದಳು. ಹತ್ತೊಂಬತ್ತನೇ ದಿನ. ಆರು ತಿಂಗಳಿಗೆ ಇನ್ನು ನೂರಾ ಅರವತ್ತೊಂದು.

ನಿದ್ದೆ ಎರಡು ಗಂಟೆ. ಅವಳ ಉಸಿರು ಎಣಿಸಿದೆ — ನಿಮಿಷಕ್ಕೆ ಮೂವತ್ತೆಂಟು. ಸರಿಯಾಗಿದೆ. ಮತ್ತೆ ಎಣಿಸಿದೆ.

ಅತ್ತೆ ಮುಂದಿನ ಕೋಣೆಯಲ್ಲಿ. ಮಾಸ್ಕ್, ತೆರೆದ ಕಿಟಕಿ. ಅವರ ಕಫದಲ್ಲಿ ಟಿಬಿ ಸಿಕ್ಕಿ ಮೂರು ವಾರ. ಪಾಪುವಿಗೆ ಏನೂ ಇಲ್ಲ, ಬರದಿರಲಿ ಅಂತ ಮಾತ್ರೆ. ನನಗೂ ನನ್ನ ಗಂಡ ಉಮೇಶ್‌ಗೂ ಟೆಸ್ಟ್ ಆಯಿತು, ಕಾಯಿಲೆ ಇಲ್ಲ. ಗೆಲ್ಲುತ್ತೇವೆ. ಹಾಗಂತ ಬರೆದರೆ ಧೈರ್ಯ.

5 ನವೆಂಬರ್. ಮಧ್ಯಾಹ್ನ

ಟಿಬಿ ಸೂಪರ್‌ವೈಸರ್ ಮಾಸ್ತಪ್ಪ ಬೈಕಿನಲ್ಲಿ ಬಂದರು. ಹದಿಮೂರಕ್ಕೆ ಒಂದು ತಂಡ ಬರುತ್ತದಂತೆ, ದೆಹಲಿಯವರ ಜೊತೆ ನಾಲ್ಕು ದೇಶದ ಡಾಕ್ಟರುಗಳು. ಮಕ್ಕಳಿಗೆಂದೇ ಮಾಡಿದ ಈ ಕರಗುವ ಮಾತ್ರೆ ಮನೆಮನೆ ತಲುಪುತ್ತಿದೆಯಾ ಅಂತ ನೋಡಲು. ಬೇರೆಬೇರೆ ದೇಶದವರು ಜೊತೆಗೂಡಿ ಕೇಳಿದ ಮೇಲೆಯೇ ಇಂಥ ಮಾತ್ರೆ ಬಂದಿದ್ದು, ಮೊದಲು ದೊಡ್ಡವರದ್ದನ್ನೇ ಪುಡಿ ಮಾಡಿ ಅಂದಾಜಿಗೆ ಕೊಡುತ್ತಿದ್ದರು ಅಂದರು. ನೋಡಲು ಆರಿಸಿದ್ದು ನಮ್ಮ ಮನೆ. ಅತ್ತೆಯ ಫಾರ್ಮಿನ ‘ಜೊತೆಗೆ ವಾಸಿಸುವವರು’ ಅನ್ನುವ ಕಾಲಂನಲ್ಲಿ ಮೂವರು, ಮೂವರದ್ದೂ ತಪಾಸಣೆ ಪೂರ್ತಿ. ನಾನು ಇಂಗ್ಲಿಷ್‌ನಲ್ಲಿ ಹೇಳಬೇಕಂತೆ.

ಹೆಮ್ಮೆಯಾಯಿತು. ಯಾಕೆ ಆಗಬಾರದು.

6 ನವೆಂಬರ್. ಬೆಳಿಗ್ಗೆ 10

ಪಾಪುವಿಗೆ ನಾನೇ ನೀರು ಎರೆದೆ. ಕಾಲು ಚಾಚಿ, ಅದರ ಮೇಲೆ ಮಲಗಿಸಿ, ಅತ್ತೆ ಮಾಡುತ್ತಿದ್ದ ಹಾಗೆಯೇ. ಮೂಗಿಗೆ ನೀರು ಹೋಯಿತು. ಕೋಣೆಯಿಂದಲೇ ಅತ್ತೆ, “ಮೂಗು ಊದೇ ಮಾರಾಯ್ತಿ, ಕಿವೀನೂ ಊದು” ಅಂದರು.

ಕೈ ನಿಂತಿತು.

ಎರೆದ ಮೇಲೆ ಮೂಗಿಗೆ ಬಾಯಿಟ್ಟು ಊದುವುದು. ದಿನಾ. ಆ ಕೆಮ್ಮು ಇಟ್ಟುಕೊಂಡೇ. ಪಾಪುವಿಗೆ ಮಾತ್ರವಲ್ಲ — ಕಾರ್ಗಲ್‌ನ ಈ ಕ್ವಾರ್ಟರ್ಸ್ ಸಾಲಿನಲ್ಲಿ ಯಾರ ಮನೆಗೆ ಬಾಣಂತಿ ಬಂದರೂ ಮಗುವಿಗೆ ಎರೆಯಲು ನಮ್ಮತ್ತೆ ಗುತ್ಯಮ್ಮನೇ ಬೇಕು. ಕಾಲಂನಲ್ಲಿ ಕೇಳಿದ್ದು ಮನೆಯಲ್ಲಿ ಯಾರು ಯಾರು ಇದ್ದೀರಿ ಅಂತ. ನಾವು ನಿಜವನ್ನೇ ಹೇಳಿದೆವು. ಎರೆಯುವುದು ಯಾರಿಗೂ ನೆನಪೇ ಆಗಲಿಲ್ಲ. ಅದು ಅಷ್ಟು ಮಾಮೂಲು.

7 ನವೆಂಬರ್

ಅತ್ತೆಯ ಹತ್ತಿರ ಎರೆದ ಮಕ್ಕಳ ಹೆಸರು ಕೇಳಿದೆ. ಮುಖ ತಿರುಗಿಸಿದರು. ನಲವತ್ತು ವರ್ಷ ಎರೆದಿದ್ದಾರಂತೆ, ಒಂದು ಮಗುವಿಗೂ ನೆಗಡಿ ಬಂದಿಲ್ಲವಂತೆ. ಆಮೇಲೆ ಮೆಲ್ಲಗೆ, “ನನ್ನ ಕೈ ವಿಷ ಅಂತಾರೆ ಕಣೆ. ಆಮೇಲೆ ನಾನು ಯಾರ ಮನೆ ಬಾಗ್ಲಿಗೆ ಹೋಗ್ಲಿ?”

ಉಮೇಶ್ ಪವರ್‌ಹೌಸ್ ಶಿಫ್ಟ್ ಮುಗಿಸಿ ಬಂದ. ತಂಡದವರು ಬಂದು ಹೋಗಲಿ, ಆಮೇಲೆ ನೋಡೋಣ ಅಂದ. ಮಾಸ್ತಪ್ಪನವರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು, ಇನ್ನು ಆರೇ ದಿನ ಅಲ್ಲವಾ ಅಂತ.

ಆರು ದಿನ ಅಂದರೆ ಎಷ್ಟೋ ಮಕ್ಕಳ ಆರು ಆರು ದಿನ ಸರ್, ಅಂದೆ. ಸಂಜೆಗೆ ಅವರೇ ವಾಪಸ್ ಫೋನ್ ಮಾಡಿದರು. ನಿಮಗೆ ಗೊತ್ತಿರುವಷ್ಟು ಹೇಳಿ, ನಾಳೆಯೇ ಹೋಗ್ತೀನಿ ಅಂದರು. ನನಗೆ ಗೊತ್ತಿದ್ದದ್ದು ನಾಲ್ಕು ಮನೆ.

13 ನವೆಂಬರ್. ಸಂಜೆ 5

ಆರು ದಿನ ಅತ್ತೆ ನನ್ನ ಜೊತೆ ಮಾತಿಲ್ಲ. ಊಟದ ತಟ್ಟೆಯನ್ನು ಬಾಗಿಲಿಗೆ ತಳ್ಳುವ ಶಬ್ದವೇ ಮಾತು.

ಇವತ್ತು ತಂಡ ಬಂತು. ಅದರಲ್ಲಿ ಕೀನ್ಯಾದ ಒಬ್ಬ ಡಾಕ್ಟರಮ್ಮ, ಅತ್ತೆಯದೇ ವಯಸ್ಸು. ಕುರ್ಚಿ ಬೇಡ ಅಂತ ಜಗುಲಿಯ ಮೆಟ್ಟಿಲ ಮೇಲೆ ಕೂತರು. ಮಾಸ್ತಪ್ಪ ರಿಜಿಸ್ಟರ್ ಬಿಚ್ಚಿದರು, ಹೊಸ ನಾಲ್ಕು ಹೆಸರು ಕೆಳಗೆ ಬೇರೆ ಶಾಯಿಯಲ್ಲಿ. ಇದೇನು ಅಂತ ಡಾಕ್ಟರಮ್ಮ ಕೇಳಿದರು. ಇಂಗ್ಲಿಷ್‌ನಲ್ಲಿ ನಾನೇ ಹೇಳಿದೆ — ಫಾರ್ಮ್ ಕೇಳಲಿಲ್ಲ, ನಾವು ಹೇಳಲಿಲ್ಲ.

ಆಕೆ ಮಗುವಿನ ಹಾಗೆ ಟವೆಲ್ ಸುತ್ತಿ ಅತ್ತೆಯ ಕೈಗೆ ಕೊಟ್ಟು, ಹೇಗೆ ಎರೆಯುತ್ತೀರಿ ತೋರಿಸಿ ಅಂದರು. ಅತ್ತೆಗೆ ತಡೆಯಲಾಗಲಿಲ್ಲ. ಕಾಲು ಚಾಚಿದರು. ಎಣ್ಣೆ ಸವರಿ, ಬೆನ್ನು ತಟ್ಟಿ, ಕತ್ತಿನ ಕೆಳಗೆ ಅಂಗೈ... ಎಷ್ಟು ಚಂದ. ಕೊನೆಗೆ ಊದಲು ಬಗ್ಗಿ, ಮಾಸ್ಕ್ ಅಡ್ಡ ಬಂದು, ಹಾಗೇ ಉಳಿದರು.

ಡಾಕ್ಟರಮ್ಮ ತಮ್ಮ ಅಜ್ಜಿಯೂ ಊರಿನ ಮಕ್ಕಳನ್ನೆಲ್ಲ ಹೀಗೇ ನೋಡಿಕೊಳ್ಳುತ್ತಿದ್ದರು, ಕಾಯಿಲೆ ನಿಮ್ಮ ಕೈಯದಲ್ಲ, ಗಾಳಿಯದು ಅಂದರು. ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಈ ಕಾಲಿನ ಮೇಲೆ ಈ ವರ್ಷ ಎಷ್ಟು ಮಕ್ಕಳು, ಅಂತ ಕೇಳಿದರು. ಅದನ್ನೂ ಕನ್ನಡ ಮಾಡಿ ಕೇಳಿದೆ.

ಅತ್ತೆ ನನ್ನನ್ನೇ ನೋಡಿದರು. ಆಮೇಲೆ, “ಬರ್ಕೋ ಮಾಸ್ತಪ್ಪ.”

ಒಂಬತ್ತು ಹೆಸರು. ಹುಟ್ಟಿದ ವಾರದ ಸಮೇತ.

ಹೊರಡುವಾಗ ಡಾಕ್ಟರಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ತೋರಿಸಿದರು — ‘ನೀವು ಯಾರ ಮಕ್ಕಳನ್ನು ಎತ್ತಿ ಆಡಿಸುತ್ತೀರಿ?’ ಫಾರ್ಮಿಗೆ ಸೇರಿಸಿ ಅಂತ ಉಳಿದ ದೇಶದವರಿಗೂ ಹೇಳುತ್ತಾರಂತೆ. ನಮ್ಮ ಜಗುಲಿಯ ಪ್ರಶ್ನೆ.

19 ನವೆಂಬರ್

ಎಂಟು ಸಿಕ್ಕವು. ಐದು ಇದೇ ಸಾಲಿನಲ್ಲಿ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದವರು ಮೂವರು — ಒಬ್ಬಳು ಸಾಗರ, ಇಬ್ಬರು ಹೊಸನಗರದ ಕಡೆ. ಎಂಟಕ್ಕೂ ತಪಾಸಣೆ ಆಯಿತು, ಕಾಯಿಲೆ ಇಲ್ಲ, ಮಾತ್ರೆ ಶುರು. ಒಬ್ಬ ಅಜ್ಜ ಅತ್ತೆಯನ್ನು ಬಾಯಿಗೆ ಬಂದಂತೆ ಬೈದನಂತೆ. ಆಮೇಲೆ ಅವನೇ ಮೊಮ್ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಬಸ್ ಹತ್ತಿದನಂತೆ.

ಒಂಬತ್ತನೆಯದು ಭವ್ಯಶ್ರೀಯ ಮಗ. ತೀರ್ಥಹಳ್ಳಿ. ಮಗು ತೂಕ ಏರುತ್ತಿಲ್ಲ ಅಂತ ದಸರೆಯಲ್ಲೇ ಅಂದಿದ್ದಳು. ಅವಳ ನಂಬರ್ ಬದಲಾಗಿದೆ. ಅವಳ ಅಮ್ಮ ವರದಮ್ಮ ಮೂರು ಮನೆ ಆಚೆ. ನಂಬರೂ ಕೊಡುವುದಿಲ್ಲ, ವಿಳಾಸವೂ ಇಲ್ಲ. ಬೀಗರಿಗೆ ಟಿಬಿ ಅನ್ನುವ ಮಾತು ಕೇಳಿಸಿದರೆ ಮಗಳ ಬಾಳು ಏನಾಗಬೇಕು ಅನ್ನುತ್ತಾರೆ. ಎರಡು ಸಲ ಹೋದೆ. ಎರಡು ಸಲವೂ ಕಾಫಿ ಕೊಟ್ಟರು, ನಂಬರ್ ಕೊಡಲಿಲ್ಲ.

ಏಳು ತಿಂಗಳ ಮಗು. ಎಷ್ಟು ತೂಕ ಇರಬೇಕು ಅಂತ ಚಾರ್ಟ್ ನೋಡಿದೆ. ನೋಡಬಾರದಿತ್ತು.

21 ನವೆಂಬರ್, ಶುಕ್ರವಾರ. ಬೆಳಿಗ್ಗೆ 11.20

ಅತ್ತೆ ಯಾರಿಗೂ ಹೇಳದೆ, ಮಾಸ್ಕ್ ಹಾಕಿಕೊಂಡು, ವರದಮ್ಮನ ಅಂಗಳಕ್ಕೆ ಹೋಗಿ ಕೂತಿದ್ದಾರೆ. ಒಳಗೆ ಹೋಗಿಲ್ಲ. ಮಾತೂ ಆಡಿಲ್ಲ. ಒಂದು ಗಂಟೆಯಿಂದ ಬಿಸಿಲಲ್ಲಿ. ನೀರಿನ ಬಾಟಲಿ, ಛತ್ರಿ, ಈ ನೋಟ್‌ಬುಕ್ ಹಿಡಿದು ನಾನೂ ಬಂದೆ. ಪಾಪು ಸೊಂಟದ ಮೇಲೆ. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ವರದಮ್ಮ ಬಾಗಿಲಿಗೆ ಬಂದರು. ಒಳಗೆ ಹೋದರು. ಮತ್ತೆ ಬಂದರು. ಕೈಯಲ್ಲಿ ಫೋನ್, ರಿಂಗ್ ಆಗುತ್ತಿದೆ. ಸ್ಪೀಕರ್ ಹಾಕಿ ನಮ್ಮ ನಡುವೆ ಕಲ್ಲಿನ ಮೇಲೆ ಇಟ್ಟರು. ಆ ಕಡೆ ಭವ್ಯಶ್ರೀ, ಹಿಂದೆ ಮಗುವಿನ ಅಳು. ಸಣ್ಣ ಅಳು, ಆದರೆ ಅಳು.

“ನಾನು ಗುತ್ಯಮ್ಮ ಕಣವ್ವ. ನಿನ್ನ ಮಗನಿಗೆ ಎರೆದವಳು. ನಂಗೆ ಟಿಬಿ ಐತೆ. ಅವನನ್ನ ಇವತ್ತೇ ತೋರಿಸ್ಬೇಕು. ಎಲ್ಲಿದೀಯ ಹೇಳು, ಮಾಸ್ತಪ್ಪ ಅಲ್ಲಿಯೋರಿಗೆ ಹೇಳಿ ಮನೇಗೇ ಕಳಿಸ್ತಾನೆ.”

ಅವಳು ವಿಳಾಸ ಹೇಳತೊಡಗಿದಳು. ಬೇರೆ ಹಾಳೆ ಇಲ್ಲ, ಇಲ್ಲೇ —

ತೀರ್ಥಹಳ್ಳಿ, ಶಾಲೆಯ ಹಿಂದಿನ ರಸ್ತೆ, ಹಿಟ್ಟಿನ ಗಿರಣಿ ದಾಟಿ ಎಡಕ್ಕೆ, ನೀಲಿ ಗೇಟು, ಮೇಲಿನ ಮಹಡಿ.